ಕೊಸರಿಗೆ ಸಿಕ್ಕ ಬಿಸಿನೆಸ್ ಕ್ಲಾಸ್

ಉತ್ತರ ಥಾಯ್ಲೆಂಡಿನ ಚಿಯಾಂಗ್ ಮೈಯಿಂದ ಚಿಯಾಂಗ್ ರಾಯ್‌ಗೆ ವಿಮಾನದಲ್ಲಿ ಅರ್ಧ ತಾಸಿನ ದಾರಿ. ಸೀಟ್ ಬೆಲ್ಟ್ ಬಿಚ್ಚುವಷ್ಟರಲ್ಲಿ ಮತ್ತೆ ಕಟ್ಟಿಕೊಳ್ಳಬೇಕು. 2000ರ ದಶಕದ ಆರಂಭದಲ್ಲಿ ಈ ಪುಟ್ಟ ಮಾರ್ಗದಲ್ಲಿ ಒಂದು ವಿಚಿತ್ರ ಬಗೆಯ ಪ್ರಯಾಣಿಕರು ಕಾಣಿಸಿಕೊಂಡರು. ಚಿಯಾಂಗ್ ರಾಯ್‌ನಲ್ಲಿ ಇಳಿಯುವರು, ಊರೊಳಗೆ ಕಾಲಿಡದೆ ಮರಳಿ ಹತ್ತುವರು, ಚಿಯಾಂಗ್ ಮೈಯಲ್ಲಿ ಇಳಿದು ಮತ್ತೆ ಹೊರಡುವರು. ದಿನಕ್ಕೆ ಹಲವು ಬಾರಿ ಇದೇ ಓಡಾಟ. ಟಿಕೆಟ್ಟಿಗೆ ಹತ್ತು ಡಾಲರಿನ ಆಸುಪಾಸು. ಎಷ್ಟೇ ಚಿಕ್ಕ ಹಾರಾಟಕ್ಕೂ ಕನಿಷ್ಠ 500 ಮೈಲಿ ಲೆಕ್ಕ ಹಾಕುವ ರೂಢಿ ಹಾರಿದ ದೂರಕ್ಕೆ ಬಹುಮಾನ ಕೊಡುವ ಆಗಿನ ಹಲವು ಮೈಲೇಜ್ ಯೋಜನೆಗಳಲ್ಲಿತ್ತು. ಹೀಗೆ ಕೂಡಿಸಿದ ಮೈಲಿಗಳಿಂದ ಸಾವಿರಾರು ಡಾಲರಿನ ಬಿಸಿನೆಸ್ ಕ್ಲಾಸ್ ಸೀಟನ್ನು ಪಡೆಯಬಹುದಿತ್ತು. ಹೀಗೆ ಮೈಲಿ ಕೂಡಿಸುವವರು ಈ ಓಡಾಟಕ್ಕೆ ‘ಬಾಟ್ ರನ್’ ಎಂದು ಹೆಸರಿಟ್ಟರು. ಬಾಟ್ ಥಾಯ್ಲೆಂಡಿನ ಹಣ.

ಹುಚ್ಚಾಟ ಎನ್ನಿಸಬಹುದು. ಆದರೆ ಅದಕ್ಕೊಂದು ವಂಶಾವಳಿ ಇದೆ.

ಸಂತೆಯಲ್ಲಿ ಬದನೆಕಾಯಿ ತೂಗಿಕೊಟ್ಟ ಮೇಲೆ ಒಂದು ಹಿಡಿ ಕೊತ್ತಂಬರಿಯನ್ನು ಕೊಸರು ಹಾಕುವ ಹೆಂಗಸಿಗೆ ಗೊತ್ತಿರುವ ವ್ಯಾಪಾರವೇ ಇದು: ಬೆಲೆ ಇಳಿಸದೆ ಗಿರಾಕಿಯನ್ನು ಮುಂದಿನ ವಾರವೂ ಕರೆಸಿಕೊಳ್ಳುವುದು. ಅಮೆರಿಕದಲ್ಲಿ ಇದನ್ನು ಕಾಗದದ ಮೇಲೆ ಅಚ್ಚು ಹಾಕಿದವರು ಸ್ಪೆರಿ ಮತ್ತು ಹಚಿನ್ಸನ್. ಅವರ ಕಂಪನಿ 1896ರಲ್ಲಿ ಶುರುವಾಯಿತು. ಅಂಗಡಿಯವರು ಅವರಿಂದ ಹಸಿರು ಚೀಟಿ ಕೊಂಡು, ಸಾಮಾನು ಒಯ್ದವರಿಗೆ ಹಂಚುತ್ತಿದ್ದರು. ಗೃಹಿಣಿಯರು ಅದನ್ನು ಪುಸ್ತಕದಲ್ಲಿ ಅಂಟಿಸಿ, ಪುಸ್ತಕ ತುಂಬಿದಾಗ ಇಸ್ತ್ರಿಪೆಟ್ಟಿಗೆಯನ್ನೋ ಟೋಸ್ಟರನ್ನೋ ಪಡೆಯುತ್ತಿದ್ದರು. ನಮ್ಮಲ್ಲಿ ಬಿನಾಕಾ ಟೂತ್‌ಪೇಸ್ಟ್ ಡಬ್ಬಿಯೊಳಗಿನ ಪ್ಲಾಸ್ಟಿಕ್ ಪ್ರಾಣಿಗಳಿಗಾಗಿ ಹಟ ಹಿಡಿದ ಮಕ್ಕಳೆಲ್ಲ ಈಗ ಅಜ್ಜ–ಅಜ್ಜಿಯರು.

ವಿಮಾನಕ್ಕೆ ಈ ಚಾಳಿ ಅಂಟಿದ್ದು ಒಂದು ಕಾನೂನಿನಿಂದ. 1978ರವರೆಗೆ ಅಮೆರಿಕದಲ್ಲಿ ಯಾವ ಕಂಪನಿ ಯಾವ ಊರಿಗೆ ಹಾರಬೇಕು, ಎಷ್ಟು ದರ ಕೇಳಬೇಕು ಎಂಬುದನ್ನು ಸರ್ಕಾರಿ ಮಂಡಳಿಯೊಂದು ನಿರ್ಧರಿಸುತ್ತಿತ್ತು. ದರದಲ್ಲಿ ಪೈಪೋಟಿಯೇ ಇಲ್ಲದ್ದರಿಂದ ಊಟದಲ್ಲಿ, ಸೀಟಿನ ಅಗಲದಲ್ಲಿ ಪೈಪೋಟಿ. ಆ ವರ್ಷದ ಅಕ್ಟೋಬರ್‌ನಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ನಿಯಂತ್ರಣ ತೆಗೆಯುವ ಕಾಯ್ದೆಗೆ ಸಹಿ ಹಾಕಿದರು. ದರಗಳು ಕುಸಿದವು, ಹೊಸ ಕಂಪನಿಗಳು ಬಂದವು, ಹಳೆಯವು ಗಾಬರಿಯಾದವು. 1979ರಲ್ಲಿ ಟೆಕ್ಸಾಸ್ ಇಂಟರ್‌ನ್ಯಾಷನಲ್ ಎಂಬ ಚಿಕ್ಕ ಕಂಪನಿ ಮೈಲಿ ಎಣಿಸಿ ಬಹುಮಾನ ಕೊಡುವ ಪ್ರಯೋಗ ಮಾಡಿತು. ಅದನ್ನು ದೊಡ್ಡದು ಮಾಡಿದ್ದು ಅಮೆರಿಕನ್ ಏರ್‌ಲೈನ್ಸ್. ರಾಬರ್ಟ್ ಕ್ರ್ಯಾಂಡಲ್ ನೇತೃತ್ವದಲ್ಲಿ ಅದರ ಜನ ‘ಸೇಬರ್’ ಬುಕಿಂಗ್ ಕಂಪ್ಯೂಟರನ್ನು ಜಾಲಾಡಿ, ಮತ್ತೆ ಮತ್ತೆ ಬರುವ ಫೋನ್ ನಂಬರುಗಳನ್ನು ಹೆಕ್ಕಿದರು. ಹಾಗೆ ಸಿಕ್ಕ ಒಂದು ಲಕ್ಷಕ್ಕೂ ಹೆಚ್ಚು ಮಂದಿ 1981ರ ಮೇ 1ರಂದು ಆರಂಭವಾದ ‘ಎಅಡ್ವಾಂಟೇಜ್’ ಯೋಜನೆಯ ಮೊದಲ ಸದಸ್ಯರು. ಕೆಲವೇ ದಿನಗಳಲ್ಲಿ ಯುನೈಟೆಡ್ ಅದನ್ನೇ ಮಾಡಿತು. ವರ್ಷ ಮುಗಿಯುವುದರೊಳಗೆ ಡೆಲ್ಟಾ ಮತ್ತು ಟಿಡಬ್ಲ್ಯುಎ ಕೂಡ ಹಿಂಬಾಲಿಸಿದವು. 1983ರಲ್ಲಿ ಹಾಲಿಡೇ ಇನ್, ಮ್ಯಾರಿಯಟ್ ಹೋಟೆಲುಗಳು ರಾತ್ರಿಗಳನ್ನು ಎಣಿಸತೊಡಗಿದವು.

ಲೆಕ್ಕ ಸರಳ. ವಿಮಾನ ನೆಲ ಬಿಟ್ಟ ಕ್ಷಣ ಖಾಲಿ ಸೀಟಿನ ಬೆಲೆ ಸೊನ್ನೆ. ಅದರಲ್ಲಿ ಒಬ್ಬನನ್ನು ಕೂರಿಸಿದರೆ ಕಂಪನಿಗೆ ತಗಲುವುದು ಒಂದು ಊಟ, ಸ್ವಲ್ಪ ಇಂಧನ. ಕೂತವನಿಗೆ ಮಾತ್ರ ಅದು ಲಕ್ಷ ರೂಪಾಯಿಯ ಸೀಟು. ಕೊಡುವವನಿಗೆ ಕಾಸು, ಪಡೆಯುವವನಿಗೆ ಹೊನ್ನು. ಆದ್ದರಿಂದಲೇ ಇಂಥ ಮೈಲಿಯ, ಹೋಟೆಲ್ ಪಾಯಿಂಟಿನ ನಿಜವಾದ ಬೆಲೆ ಸಿಗುವುದು ಎಲ್ಲರೂ ನುಗ್ಗುವ ಲಂಡನ್, ಪ್ಯಾರಿಸ್‌ಗಳಲ್ಲಲ್ಲ. ಸೀಟೂ ಕೋಣೆಯೂ ಖಾಲಿ ಉಳಿಯುವ ಎರಡನೇ ಸಾಲಿನ ಊರುಗಳಲ್ಲಿ. ಬೇಸಿಗೆ ರಜೆಯ ಲಂಡನ್ ವಿಮಾನಕ್ಕೆ ಪಾಯಿಂಟ್ ಹಿಡಿದು ನಿಂತವರು ಬಹುಪಾಲು ಬರಿಗೈಯಲ್ಲಿ ವಾಪಸು ಬರುವುದಕ್ಕೆ ಇದೇ ಕಾರಣ.

ಮುಂದಿನ ತಿರುವು ಬ್ಯಾಂಕುಗಳದು. 1986ರಲ್ಲಿ ಕಾಂಟಿನೆಂಟಲ್ ಏರ್‌ಲೈನ್ಸ್, 1987ರಲ್ಲಿ ಸಿಟಿಬ್ಯಾಂಕ್ ಜತೆ ಅಮೆರಿಕನ್ ಏರ್‌ಲೈನ್ಸ್ ಹೆಸರಿನ ಕ್ರೆಡಿಟ್ ಕಾರ್ಡ್ ಬಂದವು. ಬ್ಯಾಂಕ್ ವಿಮಾನ ಕಂಪನಿಯಿಂದ ಮೈಲಿಗಳನ್ನು ಸಗಟಿನಲ್ಲಿ ಕೊಂಡು ಕಾರ್ಡುದಾರರಿಗೆ ಹಂಚಿತು. ವಿಮಾನ ಹತ್ತದವನೂ ಕಿರಾಣಿ ಬಿಲ್ಲಿನಲ್ಲಿ ಮೈಲಿ ಗಳಿಸಬಹುದಾಯಿತು. ಇದರ ಖರ್ಚು ಯಾರದು? ಅಂಗಡಿಯವನು ಪ್ರತಿ ಕಾರ್ಡ್ ಪಾವತಿಗೆ ತೆರುವ ಶುಲ್ಕ, ಬಿಲ್ ಪೂರ್ತಿ ಕಟ್ಟದವನ ಬಡ್ಡಿ – ಈ ಎರಡರಿಂದಲೇ ಹೆಚ್ಚಿನ ಭಾಗ. ಪಾಯಿಂಟ್ ಪಂಡಿತರು ಈ ವಿಷಯ ಅಷ್ಟಾಗಿ ಎತ್ತುವುದಿಲ್ಲ.

1999ರಲ್ಲಿ ಕ್ಯಾಲಿಫೋರ್ನಿಯಾದ ಎಂಜಿನಿಯರ್ ಒಬ್ಬರು ಡಬ್ಬಿಯ ಮೇಲಿನ ಮೈಲೇಜ್ ಕೊಡುಗೆಗಾಗಿ ಸುಮಾರು 12 ಸಾವಿರ ಕಪ್ ಪುಡ್ಡಿಂಗ್ ಕೊಂಡು 12 ಲಕ್ಷಕ್ಕೂ ಹೆಚ್ಚು ಮೈಲಿ ಗಿಟ್ಟಿಸಿದರು. ಖರ್ಚಾದದ್ದು ಮೂರು ಸಾವಿರ ಡಾಲರ್ ಚಿಲ್ಲರೆ. 2002ರ ‘ಪಂಚ್–ಡ್ರಂಕ್ ಲವ್’ ಸಿನಿಮಾದ ನಾಯಕ ಪುಡ್ಡಿಂಗ್ ಕೊಳ್ಳುವುದು ಇದೇ ಪ್ರಸಂಗದಿಂದ. ಅದೇ ವರ್ಷ ಜರ್ಮನಿಯಲ್ಲಿ ಕಥೆ ಬೇರೆ. ಸರ್ಕಾರಿ ಪ್ರವಾಸದಲ್ಲಿ ಕೂಡಿದ ಮೈಲಿಗಳನ್ನು ಸ್ವಂತಕ್ಕೆ ಬಳಸಿದ್ದಕ್ಕೆ ಬರ್ಲಿನ್ ಆಡಳಿತದಲ್ಲಿ ಸಚಿವರ ಸ್ಥಾನದಲ್ಲಿದ್ದ ಗ್ರೆಗೊರ್ ಗೀಸಿ ರಾಜೀನಾಮೆ ಕೊಟ್ಟರು. ನಮ್ಮ ಕೇಂದ್ರ ಸರ್ಕಾರವೂ ಅಧಿಕಾರಿಗಳು ಕಚೇರಿ ಪ್ರಯಾಣದಲ್ಲಿ ಗಳಿಸಿದ ಮೈಲಿ ಕಚೇರಿ ಪ್ರಯಾಣಕ್ಕೇ ಬಳಕೆಯಾಗಬೇಕು ಎಂದು ಆದೇಶಿಸಿದೆ.

ಏಷ್ಯಾದ ವಿಮಾನ ಕಂಪನಿಗಳು ಈ ಆಟಕ್ಕೆ ತಡವಾಗಿ ಇಳಿದವು. ಸಿಂಗಪುರ, ಕ್ಯಾಥೆ ಪೆಸಿಫಿಕ್, ಮಲೇಷ್ಯಾ ಏರ್‌ಲೈನ್ಸ್ ಮೂರೂ ಸೇರಿ 1993ರಲ್ಲಿ ‘ಪ್ಯಾಸೇಜಸ್’ ಎಂಬ ಜಂಟಿ ಯೋಜನೆ ತಂದವು. 1999ರಲ್ಲಿ ಬೇರೆಯಾಗಿ ಕ್ರಿಸ್‌ಫ್ಲೈಯರ್, ಏಷ್ಯಾ ಮೈಲ್ಸ್‌ಗಳು ಹುಟ್ಟಿದವು. ಆದರೆ ನಿಜವಾಗಿ ಬಾಗಿಲು ತೆರೆದದ್ದು 1997ರ ಏಳು ವಾರಗಳು. ಮೇ 14ರಂದು ಏರ್ ಕೆನಡಾ, ಲುಫ್ತಾನ್ಸಾ, ಎಸ್‌ಎಎಸ್, ಯುನೈಟೆಡ್ ಮತ್ತು ಥಾಯ್ ಏರ್‌ವೇಸ್ ಕೂಡಿ ಸ್ಟಾರ್ ಅಲಯನ್ಸ್ ಕಟ್ಟಿದವು. ಟೊರಾಂಟೊದಲ್ಲಿ ಗಳಿಸಿದ ಮೈಲಿ ಬ್ಯಾಂಕಾಕ್‌ನಲ್ಲೂ, ಬ್ಯಾಂಕಾಕ್‌ನದು ಫ್ರಾಂಕ್‌ಫರ್ಟ್‌ನಲ್ಲೂ ಚಲಾವಣೆಗೆ ಬಂತು. ಜುಲೈ 2ರಂದು ಥಾಯ್ಲೆಂಡ್ ತನ್ನ ಹಣವನ್ನು ಡಾಲರಿನ ಗೂಟದಿಂದ ಬಿಚ್ಚಿಬಿಟ್ಟಿತು. ಡಾಲರಿಗೆ 25ರ ಸುತ್ತ ಇದ್ದ ಬಾಟ್ 1998ರ ಜನವರಿಯಲ್ಲಿ 50 ದಾಟಿತು. ಬ್ಯಾಂಕಾಕ್‌ನಲ್ಲಿ ಕಂಪನಿಗಳು ಮುಚ್ಚಿದವು, ಅರ್ಧ ಎದ್ದ ಗೋಪುರಗಳು ಹಾಗೇ ನಿಂತವು, ಮನೆಗಳು ಮುಳುಗಿದವು. ಹೊರಗಿನವರಿಗೆ ಮಾತ್ರ ಐದು ನಕ್ಷತ್ರದ ಕೋಣೆಯೂ ದೇಶದೊಳಗಿನ ವಿಮಾನ ಟಿಕೆಟ್ಟೂ ಅರ್ಧ ಬೆಲೆಗಿಳಿದವು. ಒಬ್ಬರ ದಿವಾಳಿ ಇನ್ನೊಬ್ಬರ ಅಗ್ಗದ ಐಷಾರಾಮ; ಬಾಟ್ ರನ್‌ನ ಬೇರು ಇಲ್ಲಿದೆ.

ಊರು ನೋಡದೆ ಮರಳಿ ಹತ್ತಿದವರು ಏನು ಕಳೆದುಕೊಂಡರು? ಚಿಯಾಂಗ್ ಮೈಯನ್ನು ಮಂಗ್‌ರಾಯ್ ರಾಜ ಕಟ್ಟಿಸಿದ್ದು 1296ರಲ್ಲಿ. ಚಿಯಾಂಗ್ ರಾಯ್‌ಗೆ ಅಡಿಪಾಯ ಹಾಕಿದವನೂ ಅವನೇ, 1262ರಲ್ಲಿ. ಚಿಯಾಂಗ್ ಮೈಯ ಹಳೆಯ ಊರು ಇಂದಿಗೂ ಚಚ್ಚೌಕ. ಒಂದೊಂದು ಬದಿ ಒಂದೂವರೆ ಕಿಲೋಮೀಟರಿನಷ್ಟು, ಸುತ್ತ ನೀರು ತುಂಬಿದ ಕಂದಕ. ನಡುವೆ ವಾಟ್ ಚೆಡಿ ಲುವಾಂಗ್‌ನ ಇಟ್ಟಿಗೆಯ ಸ್ತೂಪ, 1545ರ ಭೂಕಂಪದಲ್ಲಿ ಶಿಖರ ಉದುರಿದ ಮೇಲೆ ಮೊಂಡಾಗಿಯೇ ನಿಂತಿದೆ. 1558ರಿಂದ ಎರಡು ಶತಮಾನ ಬರ್ಮಾದ ಹಿಡಿತದಲ್ಲಿದ್ದ ಲಾನ್ನಾ ಎಂಬ ಈ ಉತ್ತರದ ನಾಡು ಬ್ಯಾಂಕಾಕ್‌ಗೆ ಬಹುಕಾಲ ದೂರದ ನೆಂಟ. ರೈಲು ಇಲ್ಲಿಗೆ ಮುಟ್ಟಿದ್ದು 1920ರ ದಶಕದ ಆರಂಭದಲ್ಲಿ. ಅಲ್ಲಿಯವರೆಗೆ ನದಿಯ ದೋಣಿ, ಇಲ್ಲವೇ ಆನೆ.

ಪಶ್ಚಿಮಕ್ಕೆ ದೋಯ್ ಸುಥೆಪ್ ಬೆಟ್ಟ, ಮೇಲೆ ಹದಿನಾಲ್ಕನೇ ಶತಮಾನದ ದೇವಾಲಯ. ಅಲ್ಲಿಗೆ ಹೋಗುವ ರಸ್ತೆಯನ್ನು ಸರ್ಕಾರ ಹಾಕಿಸಿದ್ದಲ್ಲ. ಖ್ರೂಬಾ ಸಿವಿಚಾಯ್ ಎಂಬ ಭಿಕ್ಷು ಕರೆ ಕೊಟ್ಟರು. 1934ರ ನವೆಂಬರ್‌ನಲ್ಲಿ ಗುದ್ದಲಿ ಹಿಡಿದ ಹಳ್ಳಿಗರು ಮರು ಏಪ್ರಿಲ್ ಹೊತ್ತಿಗೆ ಸುಮಾರು 11 ಕಿಲೋಮೀಟರ್ ಕಡಿದು ಮುಗಿಸಿದ್ದರು. ಬೆಟ್ಟದ ಬುಡದಲ್ಲಿ ಅವರ ಪ್ರತಿಮೆಗೆ ಹೂವಿಟ್ಟು ಮುಂದೆ ಹೋಗುವುದು ಊರವರ ಪದ್ಧತಿ.

ಪಿಂಗ್ ನದಿಯ ಆಚೆ ವಾಟ್ ಕೇಟ್ ಬೀದಿ, ತೇಗದ ವ್ಯಾಪಾರಿಗಳ ಹಳೆಯ ಕೇರಿ. ಸಿಯಾಮಿನ (ಥಾಯ್ಲೆಂಡಿನ ಹಳೆಯ ಹೆಸರು) ತೇಗ ಕಡಿಸಿದವರಲ್ಲಿ ದೊಡ್ಡ ಹೆಸರು ಬಾಂಬೆ ಬರ್ಮಾ ಕಂಪನಿಯದು. ಕೊಡಗಿನ ಕಾಫಿ ತೋಟಗಳಿಂದ ಕನ್ನಡಿಗರಿಗೂ ಪರಿಚಿತ ಹೆಸರು. ಅದರ ಪ್ರತಿಸ್ಪರ್ಧಿ ಬೋರ್ನಿಯೊ ಕಂಪನಿಯ ವ್ಯವಹಾರ ನೋಡಿಕೊಂಡವರು ಲೂಯಿ ಲಿಯೊನೊವೆನ್ಸ್. ಸಿಯಾಮ್ ಅರಮನೆಯಲ್ಲಿ ಪಾಠ ಹೇಳಿದ, ಅಹ್ಮದ್‌ನಗರದಲ್ಲಿ ಹುಟ್ಟಿದ ಆನಾ ಅವರ ಮಗ. ಕಂಪನಿಯ ತೇಗದ ಮನೆ ಇಂದು ‘137 ಪಿಲ್ಲರ್ಸ್ ಹೌಸ್’ ಎಂಬ ದುಬಾರಿ ಹೋಟೆಲು. ಮನೆಯ ಕಂಬ ಎಣಿಸಿ ಇಟ್ಟ ಹೆಸರು. ಅಲ್ಲಿ ತಂಗಲಾಗದವರು ಹತ್ತಿರದ ಬೀದಿಯಲ್ಲಿ ಖಾವ್ ಸೋಯ್ ತಿನ್ನಬಹುದು: ತೆಂಗಿನ ಹಾಲಿನ ಖಾರದ ಸಾರಿನಲ್ಲಿ ಮೊಟ್ಟೆಯ ನೂಡಲ್ಸ್, ಮೇಲೆ ಕರಿದ ನೂಡಲ್ಸಿನ ಗೂಡು, ಪಕ್ಕದಲ್ಲಿ ಹುಳಿ ಹಿಡಿಸಿದ ಸಾಸಿವೆ ಸೊಪ್ಪು, ಹಸಿ ಈರುಳ್ಳಿ, ನಿಂಬೆ. ಯುನ್ನಾನ್‌ನಿಂದ ಹೇಸರಗತ್ತೆ ಹೊಡೆದುಕೊಂಡು ಬರುತ್ತಿದ್ದ ಚೀನೀ ಮುಸ್ಲಿಂ ವ್ಯಾಪಾರಿಗಳು ತಂದ ಅಡುಗೆ ಇದು ಎನ್ನುತ್ತಾರೆ. ಮಾರ್ಚ್ ತಿಂಗಳಲ್ಲಿ ಮಾತ್ರ ಹೋಗಬೇಡಿ. ಹೊಲ, ಕಾಡು ಸುಡುವ ಹೊಗೆಯಲ್ಲಿ ಬೆಟ್ಟವೇ ಕಾಣಿಸುವುದಿಲ್ಲ.

ಮೈಲಿ, ಕಾರ್ಡುಗಳ ಈ ಆಟದಲ್ಲಿ ಭಾರತದ ಕಥೆ ಇನ್ನೊಂದು ಬಗೆ. ಸೆಂಟ್ರಲ್ ಬ್ಯಾಂಕ್ 1980ರಲ್ಲಿ ಕ್ರೆಡಿಟ್ ಕಾರ್ಡ್ ತಂದಿತ್ತು, ಮಂಗಳೂರು ಮೂಲದ ಕೆನರಾ ಬ್ಯಾಂಕಿನ ಕ್ಯಾನ್‌ಕಾರ್ಡ್ ಕೂಡ ಇತ್ತು. ಆದರೆ ಸಾಲ ಎಂದರೆ ಮೈ ಮುದುಡಿಕೊಳ್ಳುವ ಮಧ್ಯಮ ವರ್ಗ ಅತ್ತ ತಿರುಗಿರಲಿಲ್ಲ. ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಆರಂಭಿಸಿದ ಏರ್ ಡೆಕ್ಕನ್ ಕೊಸರು ಕೊಡಲಿಲ್ಲ, ಬೆಲೆಯನ್ನೇ ಇಳಿಸಿತು. ಬೆಂಗಳೂರಿನದೇ ಕಿಂಗ್‌ಫಿಷರ್ ಎರಡು ವರ್ಷದ ನಂತರ ಬಂದು ಕಿಂಗ್ ಕ್ಲಬ್ ಮೈಲಿಗಳನ್ನು ಧಾರಾಳವಾಗಿ ಹಂಚಿತು. 2012ರ ಅಕ್ಟೋಬರ್‌ನಲ್ಲಿ ಅದರ ಹಾರಾಟ ನಿಂತಾಗ ಆ ಮೈಲಿಗಳೂ ನೆಲಕಚ್ಚಿದವು. ಜೆಟ್ ಏರ್‌ವೇಸ್‌ದು ಬೇರೆಯೇ ವಿಚಿತ್ರ: 2019ರ ಏಪ್ರಿಲ್ 17ರಂದು ವಿಮಾನ ನಿಂತಿತು, ಮೈಲೇಜ್ ಯೋಜನೆ ಬೇರೆ ಕಂಪನಿಯಾಗಿದ್ದರಿಂದ ಇಂಟರ್‌ಮೈಲ್ಸ್ ಎಂಬ ಹೆಸರಿನಲ್ಲಿ ಬದುಕಿಕೊಂಡಿತು.

ವಿಮಾನಕ್ಕಿಂತ ಮೈಲಿಯೇ ದೊಡ್ಡದು ಎಂಬುದು ಕೋವಿಡ್ ಕಾಲದಲ್ಲಿ ಜಗಜ್ಜಾಹೀರಾಯಿತು. 2020ರಲ್ಲಿ ಯುನೈಟೆಡ್ ತನ್ನ ಮೈಲೇಜ್ ಯೋಜನೆಯನ್ನು ಅಡವಿಟ್ಟು 680 ಕೋಟಿ ಡಾಲರ್, ಡೆಲ್ಟಾ 900 ಕೋಟಿ ಡಾಲರ್ ಎತ್ತಿದವು. ಯುನೈಟೆಡ್ ಯೋಜನೆಗೆ ಕಟ್ಟಿದ ಬೆಲೆ ಸುಮಾರು 2,200 ಕೋಟಿ ಡಾಲರ್. ಷೇರುಪೇಟೆಯಲ್ಲಿ ಇಡೀ ಕಂಪನಿಯ ಬೆಲೆ ಆಗ ಅದಕ್ಕಿಂತ ಕಡಿಮೆ ಇತ್ತು. ತಾನೇ ಅಚ್ಚು ಹಾಕಿ, ತಾನೇ ಮಾರಿ, ಎಷ್ಟು ಮೈಲಿಗೆ ಒಂದು ಸೀಟು ಎಂಬುದನ್ನೂ ತಾನೇ ತೀರ್ಮಾನಿಸುವ ಇಂಥ ಹಣ ಬೇರೆಲ್ಲೂ ಇಲ್ಲ. 2015–16ರಲ್ಲಿ ಡೆಲ್ಟಾ, ಯುನೈಟೆಡ್, ಅಮೆರಿಕನ್ ಮೂರೂ ಹಾರಿದ ದೂರದ ಬದಲು ಕೊಟ್ಟ ದುಡ್ಡಿಗೆ ತಕ್ಕಂತೆ ಮೈಲಿ ಕೊಡಲು ಶುರುಮಾಡಿದವು. ಹತ್ತು ಡಾಲರಿನ ಟಿಕೆಟ್ಟಿಗೆ 500 ಮೈಲಿ ಸಿಗುವ ಕಾಲ ಅಲ್ಲಿಗೆ ಮುಗಿಯಿತು.

ಹಾಗಿದ್ದೂ ಖಾಲಿ ಸೀಟಿನ ಲೆಕ್ಕ ಬದಲಾಗಿಲ್ಲ. ಏರ್ ಇಂಡಿಯಾ 2014ರ ಜುಲೈನಲ್ಲಿ ಸ್ಟಾರ್ ಅಲಯನ್ಸ್ ಸೇರಿದಂದಿನಿಂದ ಅದರ ಮೈಲಿಗಳಲ್ಲಿ ಥಾಯ್, ಸಿಂಗಪುರ ವಿಮಾನಗಳನ್ನೂ ಹತ್ತಬಹುದು. ವೀಸಾದ ತಡೆಯೂ ಸಡಿಲವಾಗಿದೆ: ಕಜಕಿಸ್ತಾನ 2022ರ ಜುಲೈಯಿಂದ, ಥಾಯ್ಲೆಂಡ್ 2023ರ ನವೆಂಬರ್‌ನಿಂದ, ಮಲೇಷ್ಯಾ ಆ ಡಿಸೆಂಬರ್‌ನಿಂದ ಭಾರತೀಯರಿಗೆ ವೀಸಾ ಇಲ್ಲದೆ ಬರಗೊಟ್ಟವು. ನಿಯಮಗಳು ಆಗಾಗ ಬದಲಾಗುತ್ತವೆ, ಹೊರಡುವ ಮುನ್ನ ನೋಡಿಕೊಳ್ಳಬೇಕು. ಮಲೇಷ್ಯಾದ ಪೆನಾಂಗ್‌ನ ಜಾರ್ಜ್ ಟೌನ್‌ನಲ್ಲಿ ಸಾರ್ಕೀಸ್ ಸೋದರರು 1885ರಲ್ಲಿ ತೆರೆದ ಈಸ್ಟರ್ನ್ ಅಂಡ್ ಓರಿಯೆಂಟಲ್ ಹೋಟೆಲ್ ಸಮುದ್ರಕ್ಕೆ ಮುಖ ಮಾಡಿ ಈಗಲೂ ನಡೆಯುತ್ತಿದೆ. ಊರಿನ ಹಳೆಯ ಭಾಗ 2008ರಲ್ಲಿ ಯುನೆಸ್ಕೊ ಪಟ್ಟಿ ಸೇರಿತು. 1997ರವರೆಗೆ ಕಜಕಿಸ್ತಾನದ ರಾಜಧಾನಿಯಾಗಿದ್ದ ಅಲ್ಮಾಟಿಯ ನೆತ್ತಿಯ ಮೇಲೆ ತಿಯಾನ್ ಶಾನ್ ಪರ್ವತ. ನಾವು ತಿನ್ನುವ ಸೇಬಿನ ಕಾಡುಮೂಲ ಆ ಇಳಿಜಾರುಗಳಲ್ಲಿದೆ. ಟೋಕಿಯೊದ ಒಂದು ರಾತ್ರಿಗೆ ಕೇಳುವ ಹೋಟೆಲ್ ಪಾಯಿಂಟಿನಲ್ಲಿ ಇಂಥ ಊರುಗಳಲ್ಲಿ ಹಲವು ರಾತ್ರಿ ಕಳೆಯಬಹುದು.

ಕೊನೆಗೆ ಒಂದು ಲೆಕ್ಕ. ಭಾರತದ ಬಹುಪಾಲು ಕ್ರೆಡಿಟ್ ಕಾರ್ಡುಗಳಲ್ಲಿ ಬಾಕಿಗೆ ಬೀಳುವ ಬಡ್ಡಿ ವರ್ಷಕ್ಕೆ ಶೇ 40ರ ಆಸುಪಾಸು. ಯಾವ ಪಾಯಿಂಟೂ ಅದರ ಹತ್ತಿರ ಸುಳಿಯುವುದಿಲ್ಲ. ತಿಂಗಳ ಬಿಲ್ಲನ್ನು ಪೂರ್ತಿ ಕಟ್ಟಲಾಗದವರು ಈ ಆಟದಿಂದ ದೂರ ಇರುವುದೇ ಮೇಲು. ಕಟ್ಟಬಲ್ಲವರು ಪಾಯಿಂಟುಗಳನ್ನು ಕೂಡಿಡದೆ, ಅವಧಿ ಮುಗಿಯುವ ದಿನಾಂಕವನ್ನು ಇವತ್ತೇ ತೆಗೆದು ನೋಡಲಿ.