ಕಿತ್ತುಹಾಕಿದ ಪೀಠಿಕೆ: ಬೆಂಗಳೂರು ನಾಗರತ್ನಮ್ಮನವರ ‘ರಾಧಿಕಾ ಸಾಂತ್ವನ’ ಕುರಿತು ಮರುವಿಚಾರ

ದೇವದಾಸಿ ಕುಲದ ಗಾಯಕಿ ಬೆಂಗಳೂರು ನಾಗರತ್ನಮ್ಮನವರ (1878–1952) ವಿಷಯಕ್ಕೆ ಬಂದಾಗ ನಮ್ಮ ಬರಹಗಳು ಸಾಮಾನ್ಯವಾಗಿ ನೇರ ತಿರುವೈಯಾರಿಗೆ ಹೋಗಿ ನಿಲ್ಲುತ್ತವೆ. ಗಳಿಸಿದ್ದನ್ನೆಲ್ಲ ತ್ಯಾಗರಾಜರ ಸಮಾಧಿಗೆ ಸುರಿದು ಗುಡಿ ಕಟ್ಟಿಸಿದ ಭಕ್ತೆ ಎಂಬ ಚಿತ್ರ ಸುಳ್ಳಲ್ಲ. ಆದರೆ 1910ರಲ್ಲಿ ಅವರು ಮದರಾಸಿನ ವಾವಿಳ್ಳ ರಾಮಸ್ವಾಮಿ ಶಾಸ್ತ್ರುಲು ಸಂಸ್ಥೆಯ ಮೂಲಕ ಹೊರತಂದ ಮುದ್ದುಪಳನಿಯ ತೆಲುಗು ಕಾವ್ಯ ‘ರಾಧಿಕಾ ಸಾಂತ್ವನಮು’ ಈ ಬರಹಗಳಲ್ಲಿ ಒಂದೆರಡು ವಾಕ್ಯಕ್ಕೆ ಮುಗಿದುಹೋಗುತ್ತದೆ. ಅದೂ, ಶೃಂಗಾರ ಮಿತಿಮೀರಿತೆಂದು ಸರ್ಕಾರ ತಡೆಹಿಡಿದ ಪುಸ್ತಕ ಎಂಬ ಒಕ್ಕಣೆಯೊಂದಿಗೆ. ಈ ಓದು ತಪ್ಪು. ಅದು ನಮ್ಮದೂ ಅಲ್ಲ. ‘ಆಂಧ್ರ ಕವುಲ ಚರಿತ್ರಮು’ ಬರೆದ ಕಂದುಕೂರಿ ವೀರೇಶಲಿಂಗಂ ಅವರದು. ಅದನ್ನು ನಾವು ಪರೀಕ್ಷಿಸದೆ ಎರವಲು ತಂದುಕೊಂಡಿದ್ದೇವೆ.

ಜಗಳ ಶೃಂಗಾರದ ಪ್ರಮಾಣದ್ದಾಗಿದ್ದರೆ ಒಂದು ಪ್ರಶ್ನೆಗೆ ಉತ್ತರ ಸಿಗಬೇಕು. ನಾಗರತ್ನಮ್ಮನವರು ಕೈಗೆತ್ತಿಕೊಳ್ಳುವ ಮೊದಲೇ ಈ ಕಾವ್ಯ ಅಚ್ಚಾಗಿತ್ತು. ಸಿ.ಪಿ. ಬ್ರೌನ್ ಅವರ ಬಳಗದ ಪಂಡಿತ ಪೈಡಿಪಾಟಿ ವೆಂಕಟನರಸು 1887ರಲ್ಲಿ ಅದನ್ನು ಪ್ರಕಟಿಸಿದ್ದರು. 1907ರಲ್ಲಿ ಮತ್ತೆ ಬಂತು. ಆಗ ಪೊಲೀಸರು ಬರಲಿಲ್ಲ. 1910ರ ಪ್ರತಿಗೆ ಬಂದರು. ಈ ಮೂರು ವರ್ಷಗಳಲ್ಲಿ ರಾಧೆಯ ಮಾತುಗಳು ಹೆಚ್ಚು ಬೆತ್ತಲಾದವೇ?

ಹೆಚ್ಚಾದದ್ದು ಪೀಠಿಕೆ. ಸಾಕ್ಷ್ಯ ಇರುವುದು ಅಲ್ಲಿ. ವೆಂಕಟನರಸು ಮುದ್ರಣ ಕವಯಿತ್ರಿಯ ಅವತಾರಿಕೆಯನ್ನೂ (ಪೀಠಿಕೆಯನ್ನೂ) ಕೆಲವು ಪದ್ಯಗಳನ್ನೂ ಬಿಟ್ಟುಬಿಟ್ಟಿತ್ತು. ನಾಗರತ್ನಮ್ಮನವರು ಹಳೆಯ ಪ್ರತಿಯೊಂದನ್ನು ಹುಡುಕಿಸಿ, ತಾಳೆ ನೋಡಿ, ಬಿಟ್ಟುಹೋದದ್ದನ್ನು ಮರಳಿ ಸೇರಿಸಿದರು. ಆ ಅವತಾರಿಕೆಯಲ್ಲಿ, ಹದಿನೆಂಟನೆಯ ಶತಮಾನದ ತಂಜಾವೂರಿನಲ್ಲಿ, ಪ್ರತಾಪಸಿಂಹನ (1739–63) ಆಸ್ಥಾನದಲ್ಲಿದ್ದ ಗಣಿಕೆ ಮುದ್ದುಪಳನಿ ತನ್ನ ಪರಂಪರೆಯನ್ನು ಹೇಳಿಕೊಳ್ಳುತ್ತಾಳೆ. ಅಜ್ಜಿ ತಂಜನಾಯಕಿಯನ್ನು ನೆನೆಯುತ್ತಾಳೆ. ಸೋದರತ್ತೆಯನ್ನೂ ಸೇರಿಸಿ ಮನೆತನದ ಹೆಂಗಸರ ಕಾವ್ಯವಿದ್ಯೆಯನ್ನು ತನ್ನ ಹಿನ್ನೆಲೆಯಾಗಿ ನಿಲ್ಲಿಸುತ್ತಾಳೆ. ವಿದ್ವಾಂಸರಿಗೆ ಧನವಿತ್ತು ಸನ್ಮಾನಿಸಿದವಳು, ಕೃತಿಗಳ ಅಂಕಿತ ಪಡೆದವಳು ತನ್ನಂಥವರಲ್ಲಿ ಮತ್ತಾರಿದ್ದಾರೆ ಎಂಬ ಭಾವದಲ್ಲಿ ಸಂಕೋಚವಿಲ್ಲದೆ ಮಾತಾಡುತ್ತಾಳೆ.

ವಂಶವರ್ಣನೆ ಎಲ್ಲ ಪ್ರಬಂಧಕಾವ್ಯಗಳಲ್ಲಿಯೂ ಬರುವ ಸಂಪ್ರದಾಯ, ಸಂಪಾದಕ ಅದನ್ನು ಬಿಟ್ಟರೆ ಆಗುವ ನಷ್ಟವೇನು ಎಂದು ವಾದಿಸಬಹುದು. ಈ ವಾದ ಮಾಡುವವರು ಅವತಾರಿಕೆಯ ಕೆಲಸವನ್ನೇ ಮರೆತಿದ್ದಾರೆ. ತಂದೆ, ತಾತ, ಗೋತ್ರ, ಗುರು ಎಂದು ಸಾಗುವ ಕಡೆ ಅಜ್ಜಿ ಮತ್ತು ಅತ್ತೆ ಬಂದು ನಿಂತಾಗ ಅದು ಹಕ್ಕುಸ್ಥಾಪನೆ. ಹೆಣ್ಣು ಕಾವ್ಯಕ್ಕೆ ವಸ್ತುವಾಗುವುದು ಒಂದು, ಕಾವ್ಯದ ಒಡತಿಯಾಗಿ ಇತರರಿಗೆ ಆಶ್ರಯ ಕೊಡುವುದು ಇನ್ನೊಂದು. ಅವತಾರಿಕೆ ಹೋದರೆ ಓದುಗನಿಗೆ ಉಳಿಯುವುದು ರಾಧೆಯ ವಿರಹ, ಕೃಷ್ಣನ ಹೊಸ ವಧು ಇಳೆಯ ಪ್ರಸ್ತ, ಕೃಷ್ಣನ ಓಲೈಕೆ ಮಾತ್ರ. ವಿದ್ಯೆ ಹೋಗಿ ಮೈ ಉಳಿಯುತ್ತದೆ. ವೆಂಕಟನರಸು ಮನಸ್ಸಿನಲ್ಲಿ ಏನಿತ್ತೆಂದು ತೀರ್ಮಾನಿಸುವುದು ನನ್ನ ಕೆಲಸವಲ್ಲ. ಅವರ ಮುದ್ರಣ ಮಾಡಿದ ಕೆಲಸ ಇದು.

ವೀರೇಶಲಿಂಗಂ ಅವರ ವಿಷಯ ಬೇರೆ, ಹೆಚ್ಚು ಜಟಿಲ. ಅವರು ಮುದ್ದುಪಳನಿಯ ಪಾಂಡಿತ್ಯವನ್ನು ಅಲ್ಲಗಳೆಯಲಿಲ್ಲ. ಸಂಗೀತ, ಸಂಸ್ಕೃತ, ತೆಲುಗುಗಳಲ್ಲಿ ಆಕೆಗಿದ್ದ ಪ್ರವೇಶವನ್ನು ಒಪ್ಪಿದರು. ಒಪ್ಪಿದ ಮೇಲೆ ಆಕೆಯ ಹುಟ್ಟನ್ನೂ ನಡತೆಯನ್ನೂ ಎತ್ತಿ, ಹೆಂಗಸೊಬ್ಬಳು ಕೇಳಲೂಬಾರದ ಮಾತುಗಳು ಹೆಂಗಸಿನ ಬಾಯಿಂದಲೇ ಬಂದಿವೆಯೆಂದು ಖಂಡಿಸಿದರು. 1881ರಲ್ಲಿ ರಾಜಮಹೇಂದ್ರಿಯಲ್ಲಿ ವಿಧವಾವಿವಾಹ ಮಾಡಿಸಿದ ಧೀರರು ಇವರೇ. ಅವರ ಬಗೆಗಿನ ಗೌರವದಿಂದ ಈ ಭಾಗವನ್ನು ಮೆಲ್ಲಗೆ ಮುಚ್ಚಿಡುವ ವಿದ್ವಾಂಸರ ಜೊತೆ ನಾನು ಸೇರಲಾರೆ. ನೊಂದ ಹೆಣ್ಣನ್ನು ಮೇಲೆತ್ತಬಲ್ಲ ಸುಧಾರಕನಿಗೆ, ನೋವನ್ನು ತೋರದೆ ಹೆಮ್ಮೆಯನ್ನು ತೋರಿದ ಹೆಣ್ಣನ್ನು ಎಲ್ಲಿ ಕೂರಿಸಬೇಕೆಂದು ತಿಳಿಯಲಿಲ್ಲ.

ನಾಗರತ್ನಮ್ಮನವರು ತಮ್ಮ ಮುನ್ನುಡಿಯಲ್ಲಿ ಹಿಡಿದದ್ದು ಸರಿಯಾಗಿ ಈ ಎಳೆಯನ್ನೇ. ಮಾನ, ಸಂಕೋಚಗಳೆಂಬುವು ಹೆಂಗಸರಿಗೆ ಮಾತ್ರವೇ, ಗಂಡಸರಿಗಿಲ್ಲವೇ ಎಂದು ಕೇಳಿದರು. ಸಾರಂಗು ತಮ್ಮಯ್ಯನ ‘ವೈಜಯಂತೀ ವಿಲಾಸ’ವನ್ನು ಅದೇ ವೀರೇಶಲಿಂಗಂ ನೋಡಿ ಒಪ್ಪಿದ್ದರಲ್ಲ, ಅದರಲ್ಲಿ ಇಲ್ಲದ್ದು ಇಲ್ಲೇನಿದೆ ಎಂದು ಮುಂದುವರಿದರು. ಈ ಉದಾಹರಣೆಯ ಹರಿತವನ್ನು ನಮ್ಮವರು ಗುರುತಿಸಿಲ್ಲ. ‘ವೈಜಯಂತೀ ವಿಲಾಸ’ ವಿಪ್ರನಾರಾಯಣನ ಕಥೆ: ವಿರಕ್ತ ಭಕ್ತನನ್ನು ಗಣಿಕೆ ದೇವದೇವಿ ಮರುಳುಮಾಡುವ ಕಥೆ. ಅಲ್ಲಿ ಗಣಿಕೆ ಪುರುಷನ ಲೇಖನಿಯಲ್ಲಿ ಬಲೆಯಾಗಿ ಬರುತ್ತಾಳೆ, ಅದು ಸಲ್ಲುತ್ತದೆ. ಇಲ್ಲಿ ಗಣಿಕೆಯೇ ಲೇಖನಿ ಹಿಡಿದಿದ್ದಾಳೆ, ಅದು ಸಲ್ಲುವುದಿಲ್ಲ. ಮದರಾಸಿನ ಸರ್ಕಾರಿ ಭಾಷಾಂತರಕಾರ ಗೋಟೇಟಿ ಕನಕರಾಜು ಪಂತುಲು 1911ರಲ್ಲಿ ಪದ್ಯಗಳನ್ನು ಆಕ್ಷೇಪಾರ್ಹವೆಂದು ಹೆಕ್ಕಿಕೊಟ್ಟಾಗ ಈ ಭೇದಕ್ಕೆ ಕಾನೂನಿನ ಮುದ್ರೆ ಬಿತ್ತು. ಪಂಡಿತರ ಮನವಿಗಳು ಫಲಿಸಲಿಲ್ಲ. ತಂಗುಟೂರಿ ಪ್ರಕಾಶಂ ಮದರಾಸಿನ ಪ್ರಧಾನಿಯಾಗುವವರೆಗೆ (1946–47) ತಡೆ ತೆರವಾಗಲಿಲ್ಲ.

ಇದು ತೆಲುಗಿನ ಕಥೆ, ಮದರಾಸಿನ ಕಥೆ, ನಮಗೇಕೆ ಎನ್ನುವವರಿಗೆ ನನ್ನ ಉತ್ತರ ನಂಜನಗೂಡು. ನಾಗರತ್ನಮ್ಮ ಹುಟ್ಟಿದ್ದು ಅಲ್ಲಿ. ಸಂಗೀತ ಪಕ್ವವಾದದ್ದು ಬೆಂಗಳೂರಿನಲ್ಲಿ, ಮುನಿಸ್ವಾಮಪ್ಪನವರ ಬಳಿ. ಇಲ್ಲಿಯೇ ನ್ಯಾಯಾಧೀಶ ನರಹರಿರಾಯರ ಆಶ್ರಯ ದೊರಕಿತು. ಬಸವನಗುಡಿಯ ಮಗ್ಗುಲಿನ ಗುಡ್ಡಕ್ಕೆ ಊರು ರಾಯರ ಹೆಸರಿಟ್ಟುಕೊಂಡಿತು. ಆಕೆ ಊರಿನ ಹೆಸರನ್ನು ತಮ್ಮ ಹೆಸರಿನ ಮುಂದೆ ಇಟ್ಟುಕೊಂಡು ಮದರಾಸಿಗೆ ಹೋದರು. 1909ರಲ್ಲಿ ಮೈಸೂರು ಸರ್ಕಾರ ಮುಜರಾಯಿ ದೇವಾಲಯಗಳಲ್ಲಿ ದೇವದಾಸಿಯರ ಸೇವೆಯನ್ನು ನಿಲ್ಲಿಸಿತು. ನಂಜನಗೂಡಿನ ಶ್ರೀಕಂಠೇಶ್ವರ ದೇವಾಲಯದ ದೇವದಾಸಿಯರು ತಮ್ಮ ಹಕ್ಕಿಗಾಗಿ ಸರ್ಕಾರಕ್ಕೆ ಮೊರೆಯಿಟ್ಟರು, ಪ್ರಯೋಜನವಾಗಲಿಲ್ಲ. ಜಾನಕಿ ನಾಯರ್ ಈ ಆದೇಶಗಳನ್ನು ವಿವರವಾಗಿ ಅಭ್ಯಸಿಸಿದ್ದಾರೆ. ಸೂಸಿ ಥಾರು ಮತ್ತು ಕೆ. ಲಲಿತಾ ‘ರಾಧಿಕಾ ಸಾಂತ್ವನ’ದ ಪ್ರಕಟಣೆಯ ಕಥೆಯನ್ನು ಬೆಳಕಿಗೆ ತಂದಿದ್ದಾರೆ. ಎರಡನ್ನೂ ಒಟ್ಟಿಗೆ ಇಟ್ಟು ಓದುವುದು ಕನ್ನಡದ ಸಂಶೋಧಕರ ಹೊಣೆ. ನಾಗರತ್ನಮ್ಮನವರು ದೇವದಾಸಿಯರ ಆ ಅರ್ಜಿಯಲ್ಲಿ ಭಾಗಿಯಾಗಿದ್ದರೆಂದು ನಾನು ಹೇಳುತ್ತಿಲ್ಲ. ಹುಟ್ಟೂರಿನ ಗುಡಿಯಲ್ಲಿ ಇಂಥ ಸ್ತ್ರೀಯರಿಗೆ ಸ್ಥಾನವಿಲ್ಲವೆಂದು ಸರ್ಕಾರ ಸಾರಿದ ಮರುವರ್ಷವೇ, ಈ ಕಾವ್ಯ ಹೆಣ್ಣೊಬ್ಬಳದು, ಅದರಲ್ಲೂ ನಮ್ಮ ಕುಲದಲ್ಲಿ ಹುಟ್ಟಿದವಳದು ಎಂದು ಆಕೆ ಮುನ್ನುಡಿಯಲ್ಲಿ ಅಚ್ಚುಹಾಕಿಸಿದರು ಎಂಬುದನ್ನು ಕಾಕತಾಳೀಯವೆಂದು ಬಿಡಲು ನನಗೆ ಮನಸ್ಸಿಲ್ಲ.

ಅದೇ ನಂಜನಗೂಡಿನಿಂದ 1913ರಲ್ಲಿ ತಿರುಮಲಾಂಬ ‘ಸತೀಹಿತೈಷಿಣೀ’ ಗ್ರಂಥಮಾಲೆ ಆರಂಭಿಸಿದರು. 1921ರಿಂದ ಬೆಂಗಳೂರಿನಲ್ಲಿ ಆರ್. ಕಲ್ಯಾಣಮ್ಮ ‘ಸರಸ್ವತಿ’ ಪತ್ರಿಕೆ ನಡೆಸಿದರು. ಚಾಮರಾಜಪೇಟೆಯ ಮಕ್ಕಳ ಕೂಟ ಇಂದಿಗೂ ಅವರನ್ನು ನೆನಪಿಸುತ್ತದೆ. ಇಬ್ಬರೂ ಬಾಲವಿಧವೆಯರು, ಇಬ್ಬರೂ ಸಮಾಜದ ಕಟ್ಟುಪಾಡಿಗೆ ಬೆಲೆ ತೆತ್ತವರು; ಅವರ ಕೆಲಸವನ್ನು ಕಿರಿದುಮಾಡುವ ಉದ್ದೇಶ ನನಗಿಲ್ಲ. ಆದರೆ ಕನ್ನಡ ಮಹಿಳಾ ಸಾಹಿತ್ಯದ ಚರಿತ್ರೆಯನ್ನು ಇವರಿಂದಲೇ ಆರಂಭಿಸಿ, ಮೂರೇ ವರ್ಷ ಮೊದಲು ಅದೇ ಊರಿನ ಮಗಳು ಮಾಡಿದ ಸಂಪಾದನೆಯನ್ನು ಭಾಷೆಯ ನೆಪದಲ್ಲಿ ಹೊರಗಿಟ್ಟಾಗ ನಾವು ಸತಿಗೆ ಒಂದು ಕಪಾಟು, ಗಣಿಕೆಗೆ ಇನ್ನೊಂದು ಎಂಬ ಹಳೆಯ ಏರ್ಪಾಟನ್ನೇ ಮುಂದುವರಿಸುತ್ತೇವೆ.

ಕೊನೆಯದಾಗಿ ತಿರುವೈಯಾರು. ‘ರಾಧಿಕಾ ಸಾಂತ್ವನ’ವನ್ನು ಪೂರ್ವಾಶ್ರಮದ ಚಾಪಲ್ಯವೆಂದೂ ಸಮಾಧಿಯ ಸೇವೆಯನ್ನು ಅದರ ಪ್ರಾಯಶ್ಚಿತ್ತವೆಂದೂ ಸೂಚಿಸುವ ಬರಹಗಳಿವೆ. ಪತಿತೆ ಪಾವನಳಾಗುವ ಈ ಕಥೆ ನಮ್ಮ ನಾಟಕ, ಸಿನಿಮಾಗಳಿಗೆ ಎಷ್ಟು ಪ್ರಿಯವೋ ದಾಖಲೆಗಳಿಗೆ ಅಷ್ಟೇ ಅಪರಿಚಿತ. ಪುಸ್ತಕ ತಂದಾಗ ಅವರಿಗೆ ಮೂವತ್ತೊಂದು ದಾಟಿತ್ತು, ಮದರಾಸಿನ ಸಂಗೀತಲೋಕದಲ್ಲಿ ದೊಡ್ಡ ಹೆಸರಿತ್ತು. ಸಮಾಧಿಯ ಗುಡಿ 1926ರಲ್ಲಿ ಮುಗಿಯಿತು. ಆರಾಧನೆಯಲ್ಲಿ ಹೆಂಗಸರಿಗೆ ಹಾಡಲು ಅವಕಾಶ ಸಿಗದಿದ್ದಾಗ ಮರುವರ್ಷವೇ ಹೆಂಗಸರದೇ ಬೇರೆ ಆರಾಧನೆ ನಡೆಸಿದರು. ಮುತ್ತುಲಕ್ಷ್ಮಿ ರೆಡ್ಡಿಯವರು ದೇವದಾಸಿ ಪದ್ಧತಿಯ ವಿರುದ್ಧ ಮದರಾಸಿನ ಶಾಸನಸಭೆಯಲ್ಲಿ ಶಾಸನ ತರಲು ಹೊರಟಾಗ ನಾಗರತ್ನಮ್ಮನವರು ತಮ್ಮ ಸಮುದಾಯದ ಪರವಾಗಿ ಬಹಿರಂಗವಾಗಿ ವಿರೋಧಿಸಿದರು. ರೆಡ್ಡಿಯವರ ನಿಲುವಿಗೆ ಅದರದೇ ಆದ ನ್ಯಾಯವಿತ್ತು, ಆ ಚರ್ಚೆ ಇಲ್ಲಿ ಬೇಡ. ಆದರೆ 1910ರ ಮುನ್ನುಡಿ, 1927ರ ಆರಾಧನೆ, ಶಾಸನದ ವಿರೋಧ ಈ ಮೂರರಲ್ಲಿಯೂ ಕೇಳುವುದು ಒಂದೇ ವಾದ: ಗಣಿಕೆಯಾದ ಮಾತ್ರಕ್ಕೆ, ಹೆಣ್ಣಾದ ಮಾತ್ರಕ್ಕೆ, ವಿದ್ಯೆಯ ಸ್ಥಾನದಿಂದ ಯಾರನ್ನೂ ಇಳಿಸುವಂತಿಲ್ಲ. ಪ್ರಾಯಶ್ಚಿತ್ತದ ಕಥೆ ಹೇಳುವವರು ಈ ಮೂರರಲ್ಲಿ ಯಾವುದನ್ನು ಪಾಪದ ಕಡೆಗೆ, ಯಾವುದನ್ನು ಪುಣ್ಯದ ಕಡೆಗೆ ಹಾಕುತ್ತಾರೆಂದು ಮೊದಲು ತಿಳಿಸಬೇಕು.