ಹಂಪೆಯ ಚೈತ್ರೋತ್ಸವ

ಕಳೆದ ದವನದ ಹುಣ್ಣಿಮೆಯ ಮರುದಿನ ದೋಣಿಮಲೈಯ ಗಣಿಯಲ್ಲಿ ಉದ್ಯೋಗದಲ್ಲಿರುವ ಭಕ್ತರೊಬ್ಬರು ಹಂಪೆಯ ತೇರು ಮುಗಿಸಿಕೊಂಡು ಸಂಸಾರಸಮೇತ ಮಠಕ್ಕೆ ಬಂದಿದ್ದರು. ಹಿಂದೆ ನಮ್ಮ ಪ್ರಸಾದನಿಲಯದಲ್ಲಿದ್ದು ಓದಿದವರು. ಹೊಸಪೇಟೆಯ ಕಾಲೇಜಿನಲ್ಲಿ ಓದುತ್ತಿರುವ ಅವರ ಮಗಳು ಬಿಸಿಲಿಗೆ ಕೆಂಪಾದ ಮುಖವನ್ನು ಒರೆಸಿಕೊಳ್ಳುತ್ತ, “ಬುದ್ಧೀ, ಬೇಸಿಗೆ ಬಂತೆಂದು ಕಾಲೇಜುಗಳೇ ಬಾಗಿಲು ಹಾಕುತ್ತವೆ. ನಮ್ಮ ಹಿರಿಯರು ಇಷ್ಟು ದೊಡ್ಡ ಜಾತ್ರೆಯನ್ನು ಈ ಸುಡುಬಿಸಿಲಿನಲ್ಲಿ ಏಕೆ ಇಟ್ಟುಕೊಂಡರು?” ಎಂದು ಕೇಳಿದಳು. ಪ್ರಶ್ನೆ ನಗೆ ಬರಿಸುವಂತಿದ್ದರೂ ಉತ್ತರವು ಹಗುರವಾದುದಲ್ಲ. ಅಂದು ಅವಳಿಗೆ ಹೇಳಿದುದನ್ನೂ ಹೇಳದೆ ಉಳಿದುದನ್ನೂ ಇಲ್ಲಿ ತಮ್ಮ ಮುಂದಿಡುತ್ತಿದ್ದೇವೆ.

ವಿಜಯನಗರದ ಉತ್ಸವವೆಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಮಹಾನವಮಿ. ಇದಕ್ಕೆ ಕಾರಣ ಪರದೇಶದ ಪ್ರವಾಸಿಗಳು. 1443ರಲ್ಲಿ ಬಂದ ಪಾರಸಿಕ ರಾಯಭಾರಿ ಅಬ್ದುರ್ ರಜಾಕ್, ಕೃಷ್ಣದೇವರಾಯನ ಕಾಲದ ಪೋರ್ಚುಗೀಸ ಪಾಯೆಸ್, ಅಚ್ಯುತರಾಯನ ಕಾಲದ ನೂನಿಜ್ ಇವರೆಲ್ಲ ಆನೆ ಕುದುರೆಗಳನ್ನೂ ಸೈನ್ಯದ ಸಾಲುಗಳನ್ನೂ ಕಂಡು ಬೆರಗಾಗಿ ಬರೆದರು. ನಾವು ಓದಿದ ಪಠ್ಯಪುಸ್ತಕಗಳೂ ಅದನ್ನೇ ಹಿಡಿದವು. ಆದರೆ ಮಹಾನವಮಿಯು ಅರಸನ ಹಬ್ಬ. ಮಳೆಗಾಲ ಕಳೆದು ದಂಡಯಾತ್ರೆಗೆ ಹೊರಡುವ ಮುನ್ನ ರಾಜ್ಯವು ತನ್ನ ಬಲವನ್ನು ತಾನೇ ನೋಡಿಕೊಳ್ಳುವ ಹಬ್ಬ. ಚೈತ್ರದ ಉತ್ಸವವು ವಿರೂಪಾಕ್ಷನದು. ಅಲ್ಲಿ ನೆರೆಯುತ್ತಿದ್ದುದು ಸೈನ್ಯವಲ್ಲ, ಜನ.

ಈ ಮಾತಿಗೆ ಆಧಾರ ಕೃಷ್ಣದೇವರಾಯನ ಕೃತಿಯಲ್ಲಿಯೇ ಇದೆ. ಆತನು ತೆಲುಗಿನಲ್ಲಿ ‘ಆಮುಕ್ತಮಾಲ್ಯದ’ವನ್ನು ಬರೆದ ಸಂಗತಿ ಎಲ್ಲರಿಗೂ ತಿಳಿದಿದೆ. ಸಂಸ್ಕೃತದಲ್ಲಿ ‘ಜಾಂಬವತೀಕಲ್ಯಾಣ’ವೆಂಬ ನಾಟಕವನ್ನು ರಚಿಸಿದುದು ಅಷ್ಟಾಗಿ ತಿಳಿದಿಲ್ಲ. ವಿರೂಪಾಕ್ಷನ ಚೈತ್ರೋತ್ಸವಕ್ಕೆ ನೆರೆದ ಸಭೆಯ ಮುಂದೆ ಆಡಲೆಂದು ಈ ನಾಟಕ ಸಿದ್ಧವಾಯಿತೆಂಬುದು ಅದರ ಪ್ರಸ್ತಾವನೆಯಿಂದಲೇ ತಿಳಿದುಬರುತ್ತದೆ. ವಾಚಕರು ಒಂದು ಗಳಿಗೆ ಇದನ್ನು ಯೋಚಿಸಬೇಕು. ಅಷ್ಟು ದೊಡ್ಡ ಸಾಮ್ರಾಜ್ಯದ ಒಡೆಯನು ತನ್ನ ನಾಟಕವನ್ನು ಅರಮನೆಯ ಮಹಾನವಮಿಗೆ ಮೀಸಲಿಡಲಿಲ್ಲ. ಗುಡಿಯ ಬೇಸಿಗೆಯ ಜಾತ್ರೆಗೆ ತಂದ. ತನ್ನ ಪಟ್ಟಾಭಿಷೇಕದ ಸಂದರ್ಭದಲ್ಲಿ ವಿರೂಪಾಕ್ಷ ದೇವಾಲಯಕ್ಕೆ ರಂಗಮಂಟಪವನ್ನು ಕಟ್ಟಿಸಿದುದನ್ನು 1510ರ ಶಾಸನವು ಸಾರುತ್ತದೆ. ಅಲ್ಲಿಯೇ ನಾಟಕ ನಡೆಯಿತೆಂದು ಹಟ ಹಿಡಿಯಲಾಗದು; ಆದರೆ ಅದರ ಹೆಸರು ‘ರಂಗ’ಮಂಟಪವೆಂಬುದನ್ನು ಮರೆಯುವಂತೆಯೂ ಇಲ್ಲ.

ಇದಕ್ಕೂ ಸುಮಾರು ತೊಂಬತ್ತು ವರ್ಷ ಹಿಂದೆ ಬಂದಿದ್ದ ಇಟಲಿಯ ನಿಕೊಲೊ ಕೊಂಟಿಯು ಇಲ್ಲಿಯ ಇನ್ನೊಂದು ಹಬ್ಬವನ್ನು ಹೇಳಿದ್ದಾನೆ. ದಾರಿಯ ಬದಿಯಲ್ಲಿ ಕೇಸರಿಯ ನೀರನ್ನು ತುಂಬಿಟ್ಟು ಬರುಹೋಗುವವರ ಮೇಲೆಲ್ಲ ಎರಚುತ್ತಿದ್ದರಂತೆ. ರಾಜ ರಾಣಿಯರಿಗೂ ಬಿಡುಗಡೆ ಇರಲಿಲ್ಲವಂತೆ. ಎಲ್ಲರೂ ನಗುತ್ತಲೇ ಅದನ್ನು ಸ್ವೀಕರಿಸುತ್ತಿದ್ದರಂತೆ. ಇದನ್ನು ಹೋಳಿಯೆನ್ನುವವರೂ ಉಂಟು, ವಸಂತೋತ್ಸವವೆನ್ನುವವರೂ ಉಂಟು. ಹೇಗಾದರೂ ಆಗಲಿ, ದೊರೆಯ ಮೇಲೆ ಪ್ರಜೆ ನೀರೆರಚುವ ಸಲಿಗೆ ಮಹಾನವಮಿಯ ದಿಬ್ಬದ ಮುಂದೆ ದೊರೆಯುವಂಥದಲ್ಲ.

ಇನ್ನು ಬಿಸಿಲಿನ ಮಾತು. ನಮ್ಮ ಸೀಮೆಯ ಒಕ್ಕಲುತನವನ್ನು ಬಲ್ಲವರಿಗೆ ಇದು ಒಗಟಲ್ಲ. ಯುಗಾದಿಯ ಹೊತ್ತಿಗೆ ಹಿಂಗಾರಿ ಜೋಳದ ರಾಶಿ ಮುಗಿದು ಕಾಳು ಹಗೇವು ಸೇರಿರುತ್ತದೆ. ಮುಂದಿನ ಮಳೆಯವರೆಗೆ ಎತ್ತಿಗೂ ಬಿಡುವು, ಆಳಿಗೂ ಬಿಡುವು. ತುಂಗಭದ್ರೆಯು ಇಳಿದಿರುತ್ತಾಳೆ, ಆನೆಗೊಂದಿಯ ಕಡೆಯ ಜನ ಹರಿಗೋಲಿನಲ್ಲಿ ಅಂಜದೆ ದಾಟಿ ಬರಬಹುದು. ಹಗಲು ಸುಟ್ಟರೂ ಹುಣ್ಣಿಮೆಯ ರಾತ್ರಿ ತಂಪು. ಆಟ ನಡೆಯುವುದೂ ರಾತ್ರಿಯಲ್ಲಿಯೇ ಅಲ್ಲವೆ? ಬಳ್ಳಾರಿ ಸೀಮೆಯ ಹಳ್ಳಿಗಳಲ್ಲಿ ಬಯಲಾಟಗಳು ಸುಗ್ಗಿಯ ಅನಂತರ ಏಳುವುದಕ್ಕೂ ಇದೇ ಕಾರಣ. ನಾವು ಬಾಲ್ಯದಲ್ಲಿ ಕಂಬಳಿ ಹೊದ್ದು ಕುಳಿತು, ಬೆಳ್ಳಿ ಮೂಡುವತನಕ ನೋಡಿದ ಆಟಗಳಲ್ಲಿ ಕಲಿತ ಪುರಾಣವನ್ನು ಮುಂದೆ ವಿಶ್ವವಿದ್ಯಾನಿಲಯದಲ್ಲಿ ಓದಿದಾಗ ಹೊಸದಾಗಿ ತಿಳಿದುದು ಸ್ವಲ್ಪವೇ.

ಹಂಪೆಯು ಸಾಮ್ರಾಜ್ಯ ಹುಟ್ಟುವುದಕ್ಕೂ ಮೊದಲೇ ವಿದ್ಯೆಯ ಊರು. ಹರಿಹರನು ‘ಗಿರಿಜಾಕಲ್ಯಾಣ’ವನ್ನು ರಚಿಸಿದುದು ಈ ವಿರೂಪಾಕ್ಷನ ಸನ್ನಿಧಿಯಲ್ಲಿ. ಪ್ರೌಢದೇವರಾಯನ ಕಾಲಕ್ಕೆ ಲಕ್ಕಣ್ಣ ದಂಡೇಶ, ಜಕ್ಕಣಾರ್ಯ, ಚಾಮರಸರಂಥವರು ಇಲ್ಲಿ ಬೆಳಗಿದರು. 1565ರಲ್ಲಿ ರಾಜಧಾನಿ ಹಾಳಾಯಿತು. ಮಹಾನವಮಿಯು ರಾಜರ ಹಿಂದೆಯೇ ಹೊರಟುಹೋಗಿ 1610ರಲ್ಲಿ ರಾಜ ಒಡೆಯರ ಶ್ರೀರಂಗಪಟ್ಟಣದಲ್ಲಿ ನೆಲೆ ಕಂಡಿತು. ಆದರೆ ಅದೇ ಹಾಳಾದ ವಿಜಯನಗರದ ಮಠಾಧಿಪತಿ ವಿರೂಪಾಕ್ಷ ಪಂಡಿತನು 1584ರಲ್ಲಿ ‘ಚೆನ್ನಬಸವಪುರಾಣ’ವನ್ನು ಮುಗಿಸಿದ. ಇಂದು ದಿಬ್ಬವು ಬರಿದಾಗಿದೆ. ವಿರೂಪಾಕ್ಷನಿಗೆ ದೀಪ ಉರಿಯುತ್ತಿದೆ. ಮಾರ್ಗಶಿರದ ಆಸುಪಾಸಿನಲ್ಲಿ ಫಲಪೂಜೆಯಾಗಿ ಪಂಪಾಂಬಿಕೆಯ ನಿಶ್ಚಿತಾರ್ಥ ನಡೆಯುತ್ತದೆ, ಚೈತ್ರದಲ್ಲಿ ಕಲ್ಯಾಣ. ಹುಣ್ಣಿಮೆಯಂದು ಜೋಡಿ ತೇರುಗಳು ಎದುರು ಬಸವಣ್ಣನ ಕಡೆಗೆ ಸಾಗುತ್ತವೆ. ದವನ ಸಿಕ್ಕಿಸಿದ ಬಾಳೆಹಣ್ಣುಗಳೂ ಉತ್ತತ್ತಿಗಳೂ ಕಳಸದತ್ತ ಹಾರುತ್ತವೆ.

ಒಂದು ವ್ಯಥೆಯನ್ನು ಮಾತ್ರ ಮುಚ್ಚಿಡಲಾರೆವು. ಮುಕ್ಕಾಲು ಕಿಲೋಮೀಟರಿನಷ್ಟು ಉದ್ದದ ಆ ರಥಬೀದಿಯ ಕಲ್ಲುಮಂಟಪಗಳಲ್ಲಿ ಸಂಸಾರಗಳಿದ್ದವು, ಅಂಗಡಿಗಳಿದ್ದವು. ತೇರಿಗೆ ಬಂದವರಿಗೆ ಅಲ್ಲಿ ನೆರಳಿತ್ತು. ಕೇಳಿದರೆ ಮಜ್ಜಿಗೆ ಬರುತ್ತಿತ್ತು. ಸ್ಮಾರಕಗಳ ರಕ್ಷಣೆಗೆಂದು 2011ರ ಜುಲೈಯಲ್ಲಿ ಅವರನ್ನೆಲ್ಲ ತೆರವು ಮಾಡಲಾಯಿತು. ಕಲ್ಲು ಉಳಿಯಬೇಕೆಂಬುದರಲ್ಲಿ ನಮಗೆ ಎರಡು ಮಾತಿಲ್ಲ. ಹೊಸ ಗೋಡೆಗಳಿಂದ ಮಂಟಪಗಳು ಕೆಟ್ಟಿದ್ದುದೂ ದಿಟ. ಆದರೂ ತೇರು ಹಾಯುವಾಗ ಆರತಿ ಹಿಡಿದು ನಿಲ್ಲುವ ಮನೆಯೊಂದೂ ಇಲ್ಲದ ರಥಬೀದಿಯನ್ನು ಕಂಡಾಗ, ಉಳಿಸಿದುದರಲ್ಲಿ ಏನನ್ನೋ ಎಣಿಸದೆ ಬಿಟ್ಟೆವೆಂದು ತೋರುತ್ತದೆ.

ಇಷ್ಟನ್ನೂ ಕೇಳಿದ ಆ ಮಗಳು, “ಆ ನಾಟಕವನ್ನು ಈಗ ಯಾರಾದರೂ ಆಡುತ್ತಾರೆಯೆ?” ಎಂದಳು. ನಾವು ಕಂಡಿಲ್ಲವೆಂದೆವು. ರಜೆಯಲ್ಲಿ ಓದುತ್ತೇನೆಂದಳು. ಸಂಸ್ಕೃತ ಬಾರದೆಂದು ತಂದೆಯವರು ನಕ್ಕರು. ಭಂಡಾರದಿಂದ ಅಚ್ಚಾದ ಪ್ರತಿಯನ್ನು ತರಿಸಿ ಕೊಟ್ಟೆವು; ಅರ್ಥ ಹೇಳಿಸಿಕೊಳ್ಳಲು ಸೋಮವಾರದಿಂದ ಮಠಕ್ಕೆ ಬರುವುದೆಂದು ಗೊತ್ತಾಯಿತು.