ಪಾಠ ಮೊದಲು, ಮನ್ನಣೆ ಆಮೇಲೆ

ತಲಘಟ್ಟಪುರದಿಂದ ನಗರದತ್ತ ಹೊರಟ ಮೆಟ್ರೋದಲ್ಲಿ ಮೊಬೈಲಿನಲ್ಲೇ ಪಾಠ ಕೇಳುವ ಯುವಜನರನ್ನು ನೀವು ಕಂಡಿರಬಹುದು. ಆ ಕಲಿಕೆ ಪದವಿಗೆ ಸೇರುವುದೇ?

ಪ್ರಶ್ನೆ ಹಳೆಯದು. ಕಾಲೇಜು ಸೇರದೆ ಕಲಿತವರೂ ತನ್ನ ಪದವಿ ಪರೀಕ್ಷೆಗೆ ಕೂರಬಹುದೆಂದು ಲಂಡನ್ ವಿಶ್ವವಿದ್ಯಾಲಯವು 1858ರಲ್ಲೇ ಒಪ್ಪಿತ್ತು. ನಮ್ಮಲ್ಲಿ 2003ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ (ಹಿರಿಯರ ಬಾಯಲ್ಲಿ ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್) ಏಳು ಐಐಟಿಗಳೂ ಕೂಡಿ ಎನ್‌ಪಿಟಿಇಎಲ್ ಯೋಜನೆಯನ್ನು ಆರಂಭಿಸಿ, ತಮ್ಮ ಪಾಠಗಳನ್ನು ಅಂತರ್ಜಾಲದಲ್ಲಿ ಉಚಿತವಾಗಿ ಹಂಚತೊಡಗಿದವು. ಆ ಸಂಸ್ಥೆಗಳ ಹೊಸ್ತಿಲು ತುಳಿಯಲಾಗದವರಿಗೂ ಅಲ್ಲಿನ ಅಧ್ಯಾಪಕರ ಬೋಧನೆ ದೊರೆಯಿತು. ಅಂಕಪಟ್ಟಿಯಲ್ಲಿ ಮಾತ್ರ ಅದಕ್ಕೆ ಸ್ಥಾನವಿರಲಿಲ್ಲ. 2016ರಲ್ಲಿ ಯುಜಿಸಿಯು ನಿಯಮ ರೂಪಿಸಿ, ಈ ಪಾಠಗಳನ್ನೂ ಒಳಗೊಂಡ ಸರಕಾರದ ‘ಸ್ವಯಂ’ ವೇದಿಕೆಯಿಂದ ಒಂದು ಸೆಮಿಸ್ಟರಿನ ಕೋರ್ಸುಗಳಲ್ಲಿ ಶೇ. 20ರವರೆಗೆ ಪದವಿಗೆ ಸೇರಿಸಲು ಅನುಮತಿಸಿತು. 2021ರಲ್ಲಿ ಅದನ್ನು ಶೇ. 40ಕ್ಕೆ ಏರಿಸಿತು. ಪಾಠಕ್ಕೂ ಮನ್ನಣೆಗೂ ನಡುವೆ ಹದಿಮೂರು ವರ್ಷ! ಅಷ್ಟರಲ್ಲಿ ಎಷ್ಟು ಮಂದಿ ಕಲಿತೂ ಕಲಿಯದವರಂತೆ ಉಳಿದರೋ.

ಪಾಠ ಉಚಿತವಾದರೂ ಪ್ರಮಾಣಪತ್ರದ ಪರೀಕ್ಷೆಗೆ ಶುಲ್ಕವುಂಟು. ಯಾವ ಕೋರ್ಸನ್ನು ಒಪ್ಪಬೇಕೆಂಬುದು ಆಯಾ ವಿಶ್ವವಿದ್ಯಾಲಯದ ತೀರ್ಮಾನ. ಆದುದರಿಂದ ನಿಮ್ಮ ಮಗನೋ ಮಗಳೋ ಹೆಸರು ನೋಂದಾಯಿಸುವ ಮೊದಲೇ ಕಾಲೇಜಿನ ಒಪ್ಪಿಗೆಯನ್ನು ಬರವಣಿಗೆಯಲ್ಲಿ ಕೇಳಿ ಪಡೆಯಲಿ.